ರಸಕರ್ಪೂರ ಹಚ್ಚಿದ ಎಲೆಗಳು

ಇನ್ನೂರ ಏಳನೇ ಹಾಳೆಯಲ್ಲಿ ಹದಿನಾಲ್ಕು ಎಲೆಗಳಿದ್ದವು. ಗುರುವಾರ ಮಧ್ಯಾಹ್ನ ನಾನೇ ಎಣಿಸಿ ಬರೆದಿದ್ದೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಆ ಹಾಳೆಯ ಫೋಟೊ ತೆಗೆಯಲೆಂದು ಬೀರುವಿನಿಂದ ಹೊರಗೆಳೆದಾಗ ಹನ್ನೊಂದೇ ಇದ್ದವು.

ನನ್ನ ಎಣಿಕೆ ತಪ್ಪಿರಬೇಕು ಅಂದುಕೊಂಡು ಮೂರು ಸಲ ಎಣಿಸಿದೆ. ಹನ್ನೊಂದು. ಒಣಗಿದ ಎಲೆಗಳು ತಾವಾಗಿಯೇ ಉದುರುವುದುಂಟು. ಉದುರಿದ್ದರೆ ಹಾಳೆಯ ಮೂಲೆಗೆ ಅಂಟಿಸಿದ ಪುಟ್ಟ ಲಕೋಟೆಯಲ್ಲೋ ಬೀರುವಿನ ಅರೆಯಲ್ಲೋ ಸಿಗಬೇಕಿತ್ತು. ಲಕೋಟೆ ಖಾಲಿಯಿತ್ತು. ಅರೆಯಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಮೂರು ತೊಟ್ಟುಗಳ ತುದಿ ಮುರಿದಂತಿರಲಿಲ್ಲ, ಉಗುರಿನಿಂದ ಚಿವುಟಿದಂತೆ ನೇರವಾಗಿತ್ತು. ಸೊಪ್ಪು ಬಿಡಿಸಿ ಅಭ್ಯಾಸವಿರುವ ಕೈ ಹಾಗೆ ಚಿವುಟುತ್ತದೆ.

ಆ ಎಲೆಗಳ ಮೇಲೆ ವಿಷವಿತ್ತು. ಯಾರೋ ಅವನ್ನು ತಿನ್ನಲು ಒಯ್ದಿದ್ದರು. ಯಾರೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು.

ಚಳ್ಳಕೆರೆಯ ಒಂದು ಕಾಲೇಜಿನಲ್ಲಿ, ಸಸ್ಯಶಾಸ್ತ್ರ ವಿಭಾಗದ ಹಿಂದಿನ ಕೋಣೆಯಲ್ಲಿ ನನಗೆ ಆರು ತಿಂಗಳ ಕೆಲಸ ಸಿಕ್ಕಿತ್ತು. ಕೋಣೆಯಲ್ಲಿ ನಾಲ್ಕು ಕಬ್ಬಿಣದ ಬೀರುಗಳು. ಅವುಗಳಲ್ಲಿ ಒಣಗಿಸಿ, ಒತ್ತಿ, ದಪ್ಪ ಕಾಗದಕ್ಕೆ ದಾರದಿಂದ ಹೊಲಿದ ಗಿಡಗಳು, ಒಟ್ಟು ಆರುನೂರ ಹನ್ನೆರಡು ಹಾಳೆ. ನಮ್ಮ ಮೇಷ್ಟ್ರು ಮೂವತ್ತಕ್ಕೂ ಹೆಚ್ಚು ವರ್ಷ ದನ ಮೇಯುವ ಕಾವಲುಗಳನ್ನೂ ಗುಡ್ಡಗಳನ್ನೂ ಸುತ್ತಿ ಸೇರಿಸಿದ್ದು. ತಂಗಡಿ, ಬಂದರಿಕೆ, ಕಾರೆ, ಮಂಗರವಳ್ಳಿ, ಹೆಸರೇ ಗೊತ್ತಿಲ್ಲದ ಹತ್ತಾರು ಹುಲ್ಲುಗಳು. ಮಳೆ ಮರೆತುಹೋಗುವ ನೆಲದಲ್ಲಿ ಎಲೆಯನ್ನು ಮುಳ್ಳು ಮಾಡಿಕೊಂಡೋ ಕಾಂಡದಲ್ಲಿ ನೀರು ಬಚ್ಚಿಟ್ಟುಕೊಂಡೋ ಬದುಕುವ ಗಿಡಗಳೇ ಹೆಚ್ಚು. ಪ್ರತಿ ಹಾಳೆಯ ಕೆಳಗೆ ಬಲಮೂಲೆಯಲ್ಲಿ ಒಂದು ಚೀಟಿ: ಗಿಡದ ಹೆಸರು, ಸಿಕ್ಕಿದ ಜಾಗ, ಸಿಕ್ಕಿದ ದಿನ. ಆ ಚೀಟಿಗಳನ್ನು ಓದಿ ಒಂದು ದಫ್ತರಕ್ಕೆ ಇಳಿಸುವುದು ನನ್ನ ಕೆಲಸ.

ದಫ್ತರದಲ್ಲಿ ಎಲೆಗಳ ಸಂಖ್ಯೆ ಎಂಬ ಒಂದು ಅಂಕಣ ನಾನೇ ಹಾಕಿಕೊಂಡಿದ್ದೆ. ಎಲೆ ಉದುರಿದರೆ ತಿಳಿಯಲಿ ಎಂದು. ಮೇಷ್ಟ್ರು ನಗುತ್ತಿದ್ದರು.

"ಹುಲ್ಲಿಂದು ಏನ್ ಮಾಡ್ತೀಯಮ್ಮ? ಅದರ ಎಳೆನೂ ಎಣಿಸ್ತೀಯಾ?"

"ಹುಲ್ಲಿಗೆ ತೆನೆ ಎಣಿಸ್ತೀನಿ ಸರ್."

"ಆಯ್ತು ಮಹಾರಾಯ್ತಿ, ಎಣಿಸು. ನಾನು ರಿಟೈರ್ ಆಗೋದ್ರೊಳಗೆ ಮುಗಿಸು, ಅಷ್ಟೇ."

ನನಗೆ ಅವರ ಮೇಲೆ ಇದ್ದ ಸಿಟ್ಟು ಬೇರೆ. ಕೆಲವು ಚೀಟಿಗಳಲ್ಲಿ ಜಾಗವನ್ನು ಚೆನ್ನಾಗಿ ಬರೆದಿದ್ದರು. ಇನ್ನೂರ ಏಳನೇ ಹಾಳೆಯಲ್ಲಿ ‘ಉಳ್ಳಾರ್ತಿ ಕಾವಲ್, ಪೂರ್ವದ ಅಂಚು, ಕಾರೆ ಪೊದೆಯ ಮೇಲೆ ಹಬ್ಬಿದ್ದು’ ಎಂದಿತ್ತು. ಆದರೆ ಮೂವತ್ತೆಂಟು ಹಾಳೆಗಳಲ್ಲಿ ‘ಮೊಳಕಾಲ್ಮೂರು ಹತ್ತಿರ’ ಎಂದಷ್ಟೇ ಇತ್ತು. ಹತ್ತಿರ ಎಂದರೆ ಎಲ್ಲಿ? ಕೇಳಿದರೆ, "ಆಗ ಮೊಪೆಡ್‌ನಾಗೆ ಹೋಗ್ತಿದ್ದೆ ಕಣಮ್ಮ, ಪೆಟ್ರೋಲ್ ಎಲ್ಲಿ ಮುಗೀತೋ ಅಲ್ಲಿ ಗಿಡ ಕೀಳ್ತಿದ್ದೆ" ಅನ್ನುತ್ತಿದ್ದರು.

ಹಳೆಯ ಹಾಳೆಗಳಿಗೆ ಹುಳು ಬೀಳದಂತೆ ಆ ಕಾಲದಲ್ಲಿ ಪಾದರಸದ ಒಂದು ಲವಣವನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಗಿಡವನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದರು. ಈಗ ಆ ಪದ್ಧತಿ ಇಲ್ಲ. ಆದರೆ ಅದ್ದಿದ್ದು ಅದ್ದಿದ್ದೇ. ಸ್ಪಿರಿಟ್ ಆರಿಹೋಗುತ್ತದೆ, ಲವಣ ಎಲೆಯ ಮೇಲೆ ಉಳಿಯುತ್ತದೆ, ವರ್ಷಗಳು ಕಳೆದ ಮೇಲೆ ಬಿಳಿಯ ಪುಡಿಯಾಗಿ ಕಾಣಿಸಿಕೊಳ್ಳುತ್ತದೆ. ಮೊದಲ ದಿನವೇ ಮೇಷ್ಟ್ರು ನನಗೆ ಕೈಗವಸು ಕೊಟ್ಟು ಹೇಳಿದ್ದರು. ಹಾಳೆಗಳ ಬೆನ್ನಿಗೆ ಇಂಗ್ಲಿಷಿನಲ್ಲಿ ಕೆಂಪು ಮುದ್ರೆ ಇತ್ತು, ಅರ್ಧಕ್ಕರ್ಧ ಮಾಸಿತ್ತು.

"ಕಸ ಹೊಡೆಯೋಳಿಗೆ ಇಂಗ್ಲಿಷ್ ಬರಲ್ಲ. ಕನ್ನಡದಾಗೆ ವಿಷ ಅಂತ ಬರೆದು ಅಂಟಿಸಿಬಿಡಮ್ಮ," ಅಂದಿದ್ದರು.

ನಾನು ವಿಷ ಎಂದು ಬರೆಯಲಿಲ್ಲ. ಆ ಪದ ನನಗೆ ಸಾಲದು ಅನ್ನಿಸಿತು. ಇಲಿ ಪಾಷಾಣವೂ ವಿಷ, ಹಾವಿನದೂ ವಿಷ. ಯಾವ ವಿಷವೆಂದು ಹೇಳಬೇಡವೇ? ಒಂದು ಸಂಜೆಯೆಲ್ಲ ನಿಘಂಟು ಹುಡುಕಿ ಸರಿಯಾದ ಕನ್ನಡ ಪದ ಕಂಡುಹಿಡಿದೆ. ರಸಕರ್ಪೂರ. ರಸ ಅಂದರೆ ಇಲ್ಲಿ ಪಾದರಸ. ಹಳೆಯ ವೈದ್ಯರ ಮಾತು. ‘ರಸಕರ್ಪೂರ ಲೇಪಿತ’ ಎಂದು ದುಂಡಗಿನ ಅಕ್ಷರದಲ್ಲಿ ನಲವತ್ತು ಚೀಟಿ ಬರೆದು, ಕಟ್ಟುಗಳಿಗೂ ಬೀರುಗಳಿಗೂ ಅಂಟಿಸಿದೆ. ಆ ದಿನದ ದಿನಚರಿಯಲ್ಲಿ ‘ಚೀಟಿ 40, ತಪ್ಪಿಲ್ಲ’ ಎಂದು ಬರೆದುಕೊಂಡಿದ್ದೇನೆ. ಆ ಪುಟ ಈಗಲೂ ಇದೆ.

ಕೋಣೆಯ ಕಸ ಗುಡಿಸುತ್ತಿದ್ದ ಅಕ್ಕ ದೊಡ್ಡಉಳ್ಳಾರ್ತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಐವತ್ತರ ಆಸುಪಾಸು. ಏಳನೇ ಕ್ಲಾಸಿನವರೆಗೆ ಓದಿದ್ದರು, ಕಣ್ಣಿಗೆ ಬಿದ್ದ ಬರಹವನ್ನೆಲ್ಲ ಗಟ್ಟಿಯಾಗಿ ಓದುವುದು ಅವರ ರೂಢಿ. ಚೀಟಿ ಅಂಟಿಸಿದ ಮಾರನೆಯ ದಿನ ಪೊರಕೆ ಹಿಡಿದು ನಿಂತು ಓದಿದರು.

"ರ...ಸ...ಕರ್ಪೂರ. ಕರ್ಪೂರನಾ ಮೇಡಂ ಇದಕ್ಕೆ ಹಚ್ಚಿರೋದು?"

ನಾನು ಯಾವುದೋ ಹಾಳೆಯ ತೆನೆ ಎಣಿಸುತ್ತಿದ್ದೆ. ತಲೆ ಎತ್ತಲಿಲ್ಲ. "ಹ್ಞೂಂ ಅಕ್ಕ, ಒಂಥರಾ ಕರ್ಪೂರ. ಮುಟ್ಟಬೇಡಿ," ಅಂದೆ.

"ದೇವರ ಸಾಮಾನು ಇದ್ದಂಗೆ ಅನ್ನಿ," ಅಂದರು ಅವರು.

ನಾನು ಅದಕ್ಕೂ ಹ್ಞೂಂ ಅಂದೆನೋ ಏನೋ. ಅಷ್ಟು ನೆನಪಿಲ್ಲ.

ಗುರುವಾರ ಇನ್ನೂರ ಏಳನೇ ಹಾಳೆ ಮೇಜಿನ ಮೇಲಿತ್ತು. ಆಡುಮುಟ್ಟದ ಬಳ್ಳಿ. ಅಕ್ಕ ಮೇಜು ಒರೆಸಲು ಬಂದವರು ಅಲ್ಲೇ ನಿಂತರು.

"ಅಯ್ಯ, ಆಡುಮುಟ್ಟದ ಬಳ್ಳಿ ಅಲ್ವೇನ್ರೀ ಇದು? ನಮ್ಮ ಕಾವಲ್ದಾಗೆ ಇತ್ತು. ದನ ಬಿಡಾಕೆ ಹೋದಾಗ ನಮ್ಮವ್ವ ಕೀಳ್ತಿದ್ಲು. ಈಗ ಆ ಕಡೆ ಗೋಡೆ ಬಂದೈತೆ, ಒಳಕ್ಕೆ ಬಿಡಲ್ಲ."

"ಯಾತಕ್ಕೆ ಕೀಳ್ತಿದ್ರು?"

"ದಮ್ಮಿಗೆ. ಬೆಳಗ್ಗೆ ಖಾಲಿ ಹೊಟ್ಟೆಯಾಗೆ ಒಂದೇ ಒಂದು ಎಲೆ ಅಗಿದು ನುಂಗ್ಬೇಕು. ದಿನಕ್ಕೊಂದು. ನನ್ ಮಗಳಿಗೂ ಐತೆ ನೋಡ್ರಿ, ಮೊಳಕಾಲ್ಮೂರಾಗೆ ಮಗ್ಗಕ್ಕೆ ಕೂರ್ತಾಳೆ. ರೇಷ್ಮೆ ಧೂಳು ಎದೆಗೆ ಕೂತೈತೆ. ಎಲ್ಲ ಕಡೆ ಹುಡುಕಿಸ್ದೆ, ಬಳ್ಳಿ ಸಿಗವಲ್ದು."

ನಾನು ಖುಷಿಯಿಂದ ಷರಾ ಅಂಕಣದಲ್ಲಿ ಬರೆದುಕೊಂಡೆ: ‘ಸ್ಥಳೀಯ ಬಳಕೆ: ಉಬ್ಬಸಕ್ಕೆ, ದಿನಕ್ಕೆ ಒಂದು ಎಲೆ, ಬರಿಹೊಟ್ಟೆಯಲ್ಲಿ.’ ಎಲೆಗಳು: ಹದಿನಾಲ್ಕು. ಅವರು ಹಾಳೆಯನ್ನು ನೋಡುತ್ತಲೇ ಇದ್ದರು. "ಎಷ್ಟು ವರ್ಷದ್ದು ಇದು?" ಅಂದರು. ಮೂವತ್ತೊಂದು ಅಂದೆ. "ಒಂಚೂರೂ ಕೆಟ್ಟಿಲ್ಲ ನೋಡ್ರಿ," ಅಂದರು.

ಶುಕ್ರವಾರ ಕೋಣೆ ಗುಡಿಸಿದ್ದು ಅವರೇ. ಶನಿವಾರ ರಜೆ ಹಾಕಿ ಮಗಳ ಊರಿಗೆ ಹೋಗಿದ್ದರು. ಸೋಮವಾರ ಬೆಳಿಗ್ಗೆಯೂ ಕೆಲಸಕ್ಕೆ ಬಂದಿರಲಿಲ್ಲ.

ಸೋಮವಾರ ಹತ್ತೂ ಇಪ್ಪತ್ತಕ್ಕೆ ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಯಾವುದೋ ಸಭೆಗೆ ಚಿತ್ರದುರ್ಗಕ್ಕೆ ಹೋಗಿದ್ದರು. ನಡೆದದ್ದನ್ನು ಹೇಳಿದೆ.

"ಎಷ್ಟು ಎಲೆ?"

"ಮೂರು. ಭಾನುವಾರ ಒಂದು, ಇವತ್ತು ಒಂದು ಕೊಟ್ಟಿರ್ತಾರೆ. ನಾಳೆಗೆ ಒಂದು ಉಳಿದಿರುತ್ತೆ. ಒಂದು ಎಲೆಯಾಗೆ ಎಷ್ಟು ಅಂಟಿರುತ್ತೆ ಸರ್?"

"ಯಾರಿಗಮ್ಮ ಗೊತ್ತು? ನಾನೇನು ತೂಕ ಮಾಡಿ ಅದ್ದಿದ್ನಾ? ಕಡಿಮೆ ಇದ್ರೆ ವಾಂತಿಯಾಗಿ ಹೋಗುತ್ತೆ, ಜಾಸ್ತಿ ಇದ್ರೆ ಕಿಡ್ನಿಗೆ ಹೊಡೆಯುತ್ತೆ. ಆ ಬಳ್ಳಿ ತಿಂದ್ರೂ ವಾಂತಿ ಬರುತ್ತೆ ಬೇರೆ. ಯಾವುದ್ರಿಂದ ಬಂತು ಅಂತ ಗೊತ್ತಾಗೋದು ಹೇಗೆ? ನೀನು ಮೊದ್ಲು ಹೊರಡು. ಸಿಕ್ಕ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗು. ಪಾದರಸ ಅಂತ ಡಾಕ್ಟ್ರಿಗೆ ಹೇಳು. ಮರೀಬೇಡ."

ಅಕ್ಕನ ಫೋನ್ ಸ್ವಿಚ್ ಆಫ್ ಆಗಿತ್ತು. ಹತ್ತೂವರೆಯಿಂದ ಹನ್ನೊಂದರೊಳಗೆ ಒಂಬತ್ತು ಸಲ ಮಾಡಿದೆ. ಬಸ್ ನಿಲ್ದಾಣಕ್ಕೆ ಓಡುವಾಗ ಇನ್ನೊಂದು ವಿಷಯ ಹೊಳೆಯಿತು. ಮಗಳ ಮನೆ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಮೊಳಕಾಲ್ಮೂರು, ಮಗ್ಗ, ಇಷ್ಟೇ. ಹುಲ್ಲಿನ ಒಂದೊಂದು ಗರಿಗೂ ಜಾಗ ಬೇಕೆಂದು ಮೇಷ್ಟ್ರೊಂದಿಗೆ ಜಗಳವಾಡಿದ್ದವಳು, ಎಂಟು ವಾರ ಎದುರಿಗೆ ಓಡಾಡಿದ ಹೆಂಗಸಿನ ಬಗ್ಗೆ ‘ಮೊಳಕಾಲ್ಮೂರು ಹತ್ತಿರ’ ಎಂದು ಬರೆದುಕೊಂಡಿದ್ದೆ.

ಬಸ್ಸು ಹನ್ನೊಂದೂ ಹದಿನೈದಕ್ಕೆ ಹೊರಟಿತು. ಕೈ ಸುಮ್ಮನಿರದೆ ದಿನಚರಿ ತೆಗೆದು ನಿಲ್ದಾಣ ಬಂದಾಗಲೆಲ್ಲ ಸಮಯ ಬರೆದೆ. ತಳಕು, ಹನ್ನೊಂದು ಐವತ್ತು. ಅಕ್ಷರ ನೋಡಿದರೆ ಬೇರೆ ಯಾರೋ ಬರೆದಂತಿತ್ತು. ಕಿಟಕಿಯಾಚೆ ಶೇಂಗಾ ಹೊಲಗಳು, ಜಾಲಿ, ಗಾಳಿಯಂತ್ರದ ರೆಕ್ಕೆಗಳು. ಪಕ್ಕದಲ್ಲಿ ಕೂತ ಹೆಂಗಸು ಮಂಡಕ್ಕಿ ಪೊಟ್ಟಣ ಚಾಚಿ, "ತಗಳವ್ವ, ಮುಖ ಬಿಳಚಿಕೊಂಡೈತೆ," ಅಂದರು. ನನ್ನ ಬೆರಳುಗಳನ್ನು ನೋಡಿಕೊಂಡೆ. ಬೆಳಿಗ್ಗೆ ತೊಟ್ಟುಗಳನ್ನು ಪರೀಕ್ಷಿಸುವ ಗಡಿಬಿಡಿಯಲ್ಲಿ ಕೈಗವಸು ಹಾಕಿರಲಿಲ್ಲ. ಬೇಡ ಅಂದೆ. ಆಮೇಲೆ ಕೈಯನ್ನು ಮಡಿಲಿನಲ್ಲಿಟ್ಟುಕೊಳ್ಳಲೂ ಹೆದರಿ, ಬೆರಳು ಅಗಲಿಸಿ ಮುಂದಿನ ಸೀಟಿನ ಕಂಬಿ ಹಿಡಿದು ಕೂತೆ. ಸೋಪು ಹಾಕಿ ತೊಳೆದರೆ ಹೋಗುವ ವಿಷಕ್ಕೆ ನಾನು ಇಷ್ಟು ಹೆದರಿದ್ದೆ. ಎಲೆ ಅಗಿದು ನುಂಗಿದವರ ಗತಿ?

ಲೆಕ್ಕ ಹಾಕುವುದನ್ನು ನಿಲ್ಲಿಸಲು ಆಗುತ್ತಿರಲಿಲ್ಲ. ಮೊದಲ ಎಲೆ ಭಾನುವಾರ ಏಳು ಗಂಟೆಗೆ ಅಂದರೆ ಇಪ್ಪತ್ತೊಂಬತ್ತು ಗಂಟೆ ಕಳೆದಿದೆ. ಎರಡನೆಯದಕ್ಕೆ ಐದು ಗಂಟೆ. ಮಗಳಿಗೆ ಎಷ್ಟು ವಯಸ್ಸು? ಮಕ್ಕಳಿವೆಯೇ? ಗೊತ್ತಿರಲಿಲ್ಲ. ಹಾನಗಲ್ ದಾಟಿದಾಗ ಹನ್ನೆರಡೂವರೆ.

ಮೊಳಕಾಲ್ಮೂರಿನಲ್ಲಿ ಇಳಿದು ನಲ್ಲಿಯಲ್ಲಿ ಕೈ ತೊಳೆದು, ಮಗ್ಗದ ಸದ್ದು ಬರುತ್ತಿದ್ದ ಬೀದಿಗೆ ನುಗ್ಗಿದೆ. ಎಲ್ಲ ಬೀದಿಯಲ್ಲೂ ಆ ಸದ್ದೇ. ಒಂದು ಬಾಗಿಲಿನೊಳಗೆ ಇಬ್ಬರು ಗಂಡಸರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು.

"ಎವರು ಕಾವಾಲಮ್ಮಾ? ಯಾರು ಬೇಕಿತ್ತು? ಸೀರೆ ನೋಡಾಕೆ ಬಂದ್ರಾ?" ಒಬ್ಬ ಕೇಳಿದ.

"ಸೀರೆ ತಗಳೋರ ಮುಖನಾ ಲೇ ಅದು? ಸುಮ್ಕಿರು. ಏನಮ್ಮಾ, ಏನಾತು?" ಅಂದ ಇನ್ನೊಬ್ಬ.

"ಮಗ್ಗಕ್ಕೆ ಕೂರೋ ಹೆಣ್ಣುಮಗಳು, ದಮ್ಮು ಐತಂತೆ..."

"ಮಗ್ಗಕ್ಕೆ ಕೂರೋರ್ಗೆಲ್ಲ ದಮ್ಮು ಐತಮ್ಮ. ನಂಗೂ ಐತೆ. ನನ್ನೇ ಕರ್ಕೊಂಡು ಹೋಗ್ತೀಯಾ?"

ನಾನು ಅಳುವ ಹಾಗಾದೆನೇನೋ, ಅವನ ನಗು ಅಲ್ಲೇ ನಿಂತಿತು. "ತಾಯಿ ದೊಡ್ಡಉಳ್ಳಾರ್ತಿಯವರು, ಚಳ್ಳಕೆರೆ ಕಾಲೇಜಿನಾಗೆ ಕೆಲಸ," ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡು ತೆಲುಗಿನಲ್ಲಿ ಏನೋ ಮಾತಾಡಿದರು. ಎದುರು ಮನೆಯಲ್ಲಿ ರಾಟೆ ತಿರುಗಿಸುತ್ತಿದ್ದ ಅಜ್ಜಿಯನ್ನು ಕೂಗಿ ಕೇಳಿದರು. ಅಜ್ಜಿಗೆ ಗೊತ್ತಿತ್ತು. ನೀರಿನ ಟ್ಯಾಂಕಿನ ಹಿಂದೆ, ಮೂರನೇ ಮನೆ.

ಮೂರನೇ ಮನೆಗೆ ಬೀಗ ಹಾಕಿತ್ತು.

ಪಕ್ಕದ ಮನೆಯ ಹೆಂಗಸು ನೂಲಿನ ಲಡಿ ಒಣಹಾಕುತ್ತಿದ್ದರು. "ಆಸ್ಪತ್ರೆಗೆ ಪೋಯಾರು ಅಮ್ಮಾ," ಅಂದರು. "ನಿನ್ನೆ ಸಾಯಂತ್ರದಿಂದ ಒಕಟೇ ವಾಂತುಲು." ನನಗೆ ತೆಲುಗು ಸರಿಯಾಗಿ ಬಾರದು. ಆದರೆ ವಾಂತುಲು ಎಂಬುದಕ್ಕೆ ಅನುವಾದ ಬೇಕಿರಲಿಲ್ಲ. ನನ್ನ ಮುಖ ನೋಡಿ ಅವರು ಕನ್ನಡಕ್ಕೆ ತಿರುಗಿ ಸಮಾಧಾನ ಹೇಳಿದರು: "ಭಯ ಪಡಬ್ಯಾಡಮ್ಮ. ಎಲೆ ಮದ್ದು ತಿಂದ್ರೆ ಹಂಗೇ. ವಾಂತಿ ಆಗ್ಬೇಕು. ಕಫ ಎಲ್ಲ ಹೊರಕ್ಕೆ ಬರ್ತೈತೆ. ಮದ್ದು ಹಿಡೀತು ಅಂತ ಅರ್ಥ."

ಮದ್ದು ಹಿಡೀತು. ಆಸ್ಪತ್ರೆಯವರೆಗಿನ ದಾರಿಯಲ್ಲಿ ಆ ಮಾತು ನನ್ನ ಕಿವಿಯಲ್ಲಿ ಮಗ್ಗದ ಸದ್ದಿನ ಹಾಗೆ ಬಡಿಯುತ್ತಿತ್ತು. ನಿನ್ನೆ ಸಂಜೆಯಿಂದ ಅವರು ವಾಂತಿಯನ್ನು ಶುಭವೆಂದು ಕಾಯುತ್ತ ಕೂತಿದ್ದಾರೆ. ಪಾಪ ಆ ಮಗಳು ಎರಡನೆಯ ಎಲೆಯನ್ನೂ ನಂಬಿ ನುಂಗಿದ್ದಾಳೆ. ಮೂವತ್ತು ಗಂಟೆ.

ಆಸ್ಪತ್ರೆಯ ಜಗಲಿಯಲ್ಲಿ ಒಬ್ಬ ತೆಳ್ಳಗಿನ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಉಸಿರು ಎಳೆದಾಗ ಸಿಳ್ಳೆಯ ಸದ್ದು ಬರುತ್ತಿತ್ತು. ಹೆಗಲ ಮೇಲೆ ಅಕ್ಕನ ಹಸಿರು ಬ್ಯಾಗು. ನಾನು ಅವಳ ಮುಂದೆ ಮಂಡಿಯೂರಿ ಕೂತು ಕೇಳಿದೆ: "ಎಷ್ಟು ತಿಂದೆ? ಎಲೆ ಎಷ್ಟು ತಿಂದೆ?"

ಅವಳು ಹೆದರಿ ಹಿಂದಕ್ಕೆ ಸರಿದಳು. "ನಾನು ತಿಂದಿಲ್ರೀ. ಅವ್ವ ತಿಂದಾಳೆ. ನೀವು ಯಾರು?"

ಅವಳ ಮಾತು ನನಗೆ ಒಂದೇ ಸಲಕ್ಕೆ ಅರ್ಥವಾಗಲಿಲ್ಲ. ನನ್ನ ಲೆಕ್ಕದಲ್ಲಿ ಮೂರು ಎಲೆಯೂ ಮಗಳವು. ಅವಳು ಬಿಡಿಸಿ ಹೇಳಿದಳು. ಅವರ ಮನೆತನದಲ್ಲಿ ಸೊಪ್ಪಿನ ಮದ್ದು ಕೊಡುವವರು ಮೊದಲ ಎಲೆಯನ್ನು ತಾವು ತಿನ್ನಬೇಕು. ಒಂದು ದಿನ ಬಿಟ್ಟು, ತಮಗೇನೂ ಆಗದಿದ್ದರೆ ಮಾತ್ರ ರೋಗಿಗೆ. ಅಜ್ಜಿಯೂ ಹಾಗೇ ಮಾಡುತ್ತಿದ್ದಳಂತೆ. ಭಾನುವಾರ ಬೆಳಿಗ್ಗೆ ಅಕ್ಕ ಒಂದು ಎಲೆ ಅಗಿದು ನುಂಗಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆನೋವು, ಸಂಜೆಯಿಂದ ವಾಂತಿ. "ಮದ್ದು ಒಳ್ಳೇದೈತೆ, ನಾಳೆ ನಿಂಗೆ ಕೊಡ್ತೀನಿ" ಎಂದು ನಗುತ್ತಲೇ ಹೇಳಿದ್ದಾರೆ. ಬೆಳಿಗ್ಗೆ ವಾಂತಿಯಲ್ಲಿ ರಕ್ತ ಕಂಡಾಗ ಮಗಳೇ ಆಟೊ ಕರೆದಿದ್ದಾಳೆ.

"ಉಳಿದ ಎರಡು?"

"ದೇವರ ಗೂಡಿನಾಗೆ, ಕರ್ಪೂರದ ಡಬ್ಬಿ ಪಕ್ಕ ಇಟ್ಟಾಳೆ. ಕರ್ಪೂರ ಹಚ್ಚಿದ ಎಲೆ, ಹೆಂಗೆಂಗೋ ಇಡಬಾರದು ಅಂದ್ಲು."

ಮಗಳು ಉಳಿದಿದ್ದಳು. ಅದು ತಿಳಿದಾಗ ನನಗಾದ ಸಮಾಧಾನ ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ಒಳಗೆ ಹಾಸಿಗೆಯ ಮೇಲೆ ಅಕ್ಕ ಮಲಗಿದ್ದರು, ಕೈಗೆ ಡ್ರಿಪ್. ನನ್ನನ್ನು ಕಂಡು ಮುಖ ಆಚೆ ತಿರುಗಿಸಿದರು.

"ತಪ್ಪಾತು ಮೇಡಂ. ಕೇಳಿದ್ರೆ ಕೊಡಲ್ಲ ಅಂತ ಕಿತ್ಕೊಂಡೆ. ಮೇಷ್ಟ್ರಿಗೆ ಹೇಳಿದ್ರಾ? ಕೆಲಸದಿಂದ ತೆಗೀತಾರಾ?"

"ಅಕ್ಕ, ಬಾಯಿ ಹೆಂಗೈತೆ?"

"ತಾಮ್ರದ ಚೊಂಬು ನೆಕ್ಕಿದಂಗೆ ಐತೆ. ಹೋಗ್ತೈತೆ ಬಿಡ್ರಿ. ಎಲೆ ಹಳೇದು ಅಲ್ವಾ."

ಡಾಕ್ಟರು ಚಿಕ್ಕ ವಯಸ್ಸಿನವರು. ಪಾದರಸ ಎಂದೊಡನೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ಯಾವ ಲವಣ, ಎಷ್ಟು ವರ್ಷದ್ದು, ಎಷ್ಟು ಹೊತ್ತಾಯಿತು ಎಂದು ಕೇಳಿದರು. ನಾನು ದಿನಚರಿ ತೆರೆದು ಒಂದೊಂದಾಗಿ ಹೇಳಿದೆ. "ಬೆಳಗ್ಗೆಯಿಂದ ಒಂದಕ್ಕೆ ಹೋಗಿದ್ದಾರಾ?" ಎಂದು ಮಗಳನ್ನು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಮತ್ತೇನೂ ಕೇಳದೆ ಹೊರಗೆ ಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದರು. ಅವರು ಓಡಲಿಲ್ಲ, ಜೋರಾಗಿ ನಡೆದರು. ಅದನ್ನು ನೋಡಿ ನನಗೆ ಹೆಚ್ಚು ಹೆದರಿಕೆಯಾಯಿತು.

ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆಂಬುಲೆನ್ಸಿನೊಳಗೆ ಅಕ್ಕ ಒಂದು ಸಲ ಮಾತ್ರ ಕಣ್ಣು ಬಿಟ್ಟರು.

"ಕರ್ಪೂರ ತಿಂದ್ರೆ ಹಿಂಗಾಗ್ತೈತೇನ್ರೀ? ಪ್ರಸಾದಕ್ಕೆ ಪಚ್ಚೆಕರ್ಪೂರ ಹಾಕ್ತಾರಲ್ಲ?"

ಮಗಳು ನನ್ನ ಕಡೆ ನೋಡಿದಳು. ಅದು ಕರ್ಪೂರವಲ್ಲ ಎಂದು ಹೇಳುವ ಹೊತ್ತು ಅದಾಗಿತ್ತು. ಅದರ ಹೆಸರಲ್ಲಷ್ಟೇ ಕರ್ಪೂರವಿದೆ, ಆ ಹೆಸರು ಹುಡುಕಿ ಬರೆದವಳು ನಾನು, ನೀವು ಕೇಳಿದಾಗ ಹೌದು ಅಂದವಳೂ ನಾನು. ಇಷ್ಟನ್ನು ಹೇಳಲು ಬಾಯಿ ತೆರೆದೆ. "ಮಾತಾಡಬೇಡಿ ಅಕ್ಕ, ಸುಸ್ತಾಗುತ್ತೆ," ಅಂದೆ.

ಮೊದಲ ಮೂರು ದಿನದ ದಿನಚರಿಯಲ್ಲಿ ಬೇರೆ ಏನೂ ಇಲ್ಲ. ಮೂತ್ರದ ಚೀಲದಲ್ಲಿ ಎಷ್ಟು ಮಿಲಿಲೀಟರ್ ಎಂದು ನರ್ಸ್ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಸೋಮವಾರ ಸಂಜೆ: ನಲವತ್ತು. ಮಂಗಳವಾರ ಬೆಳಿಗ್ಗೆ: ಮೂವತ್ತು. ನರ್ಸ್ ಆ ಅಂಕಿಯನ್ನು ಹೇಳುವಾಗ ದನಿ ತಗ್ಗಿಸಿದರು. ಹದಿನಾಲ್ಕರಿಂದ ಮೂರು ಕಳೆಯುವುದು ಗೊತ್ತಿದ್ದ ನನಗೆ ಈ ಅಂಕಿ ಯಾವ ಕಡೆ ಹೋಗುತ್ತದೆಂದು ಗೊತ್ತಿರಲಿಲ್ಲ. ಮಂಗಳವಾರ ಮಧ್ಯಾಹ್ನ ಡಯಾಲಿಸಿಸ್ ಎಂಬ ಮಾತು ಮೊದಲ ಸಲ ಕೇಳಿಸಿತು. ಮಗಳು ವಾರ್ಡಿನ ಹೊರಗೆ ಕೂತು ಇನ್‌ಹೇಲರ್ ಎಳೆಯುತ್ತಿದ್ದಳು. ಇಲ್ಲಿಯ ಡಾಕ್ಟರು ಅವಳನ್ನೂ ನೋಡಿ ಬರೆದುಕೊಟ್ಟಿದ್ದು.

ಅವಳ ಪಕ್ಕ ಕೂತು ಆಗ ಹೇಳಿದೆ. ಚೀಟಿಯ ಕಥೆ, ನಿಘಂಟು, ಒಂಥರಾ ಕರ್ಪೂರ ಅಂದದ್ದು, ಎಲ್ಲವನ್ನೂ.

"ಅವ್ವಂಗೆ ಏನಾರ ಆದ್ರೆ?" ಅಂದಳು.

ಅವಳು ಉತ್ತರಕ್ಕೆ ಕಾಯದೆ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಅವಳ ಉಸಿರಿನ ಸಿಳ್ಳೆ ಅಲ್ಲಿಂದಲೂ ಕೇಳುತ್ತಿತ್ತು.

ಬುಧವಾರ ಬೆಳಿಗ್ಗೆ: ನೂರ ತೊಂಬತ್ತು. ನರ್ಸ್ ಬಾಗಿಲಿನಿಂದಲೇ ಕೂಗಿ ಹೇಳಿದರು. ಗುರುವಾರ ಅದರ ಮೂರರಷ್ಟು. ಡಯಾಲಿಸಿಸ್ ಬೇಕಾಗಲಿಲ್ಲ. ಆ ಎಲೆಯ ಮೇಲೆ ಉಳಿದಿದ್ದದ್ದು ಕಡಿಮೆಯಿತ್ತೋ, ಬಳ್ಳಿಯ ಗುಣದಿಂದಲೇ ಆದ ವಾಂತಿಯಲ್ಲಿ ಹೆಚ್ಚಿನದು ಹೊರಬಿತ್ತೋ, ಯಾರೂ ಖಚಿತವಾಗಿ ಹೇಳಲಿಲ್ಲ.

ಮುಂದಿನ ವಾರ ನಾನು ಮೇಷ್ಟ್ರಿಗೆ ಒಂದು ಪತ್ರ ಬರೆದುಕೊಟ್ಟೆ. ಎಲೆ ಕಿತ್ತವರು ಕೇಳಿಯೇ ಇದ್ದರು, ತಪ್ಪು ಉತ್ತರ ಕೊಟ್ಟವಳು ನಾನು ಎಂದು. ಅವರು ನಿಂತುಕೊಂಡೇ ಓದಿದರು, ಮಡಿಸಿ ಜೇಬಿನಲ್ಲಿಟ್ಟುಕೊಂಡರು.

"ನಾನು ವಿಷ ಅಂತ ಬರಿ ಅಂದಿದ್ದೆ," ಅಂದರು.

ಬೈದಿದ್ದರೆ ಚೆನ್ನಾಗಿತ್ತು.

ನಲವತ್ತು ಚೀಟಿಗಳನ್ನೂ ಬಿಸಿನೀರು ಹಚ್ಚಿ ಕಿತ್ತೆ. ಹೊಸದಾಗಿ ದಪ್ಪ ಕೆಂಪು ಅಕ್ಷರದಲ್ಲಿ ಬರೆದೆ. ಮಗಳು ಕಳಿಸಿದ ಎರಡು ಎಲೆಗಳು ಇನ್ನೂರ ಏಳನೇ ಹಾಳೆಯ ಲಕೋಟೆಗೆ ಮರಳಿದವು. ಅವಕ್ಕೆ ಕರ್ಪೂರದ ವಾಸನೆ ಹತ್ತಿತ್ತು.

ಅಕ್ಕ ಕೆಲಸಕ್ಕೆ ಮರಳಿದ್ದು ಇಪ್ಪತ್ತಾರು ದಿನಗಳ ಮೇಲೆ. ಮುಖ ಅರ್ಧವಾಗಿತ್ತು. ಮೂರು ತಿಂಗಳಿಗೆ ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕಂತೆ. ಪೊರಕೆ ಮೂಲೆಗಿಟ್ಟು, ಎಂದಿನಂತೆ ಬೀರುವಿನ ಮುಂದೆ ನಿಂತು ಓದಿದರು.

"ವಿ...ಷ." ಸ್ವಲ್ಪ ಹೊತ್ತು ನೋಡಿದರು. "ಎರಡೇ ಅಕ್ಷರ. ಆವತ್ತೇ ಬರಿಯಾಕೆ ಏನಾಗಿತ್ತು ಮೇಡಂ?"

ಮಗಳು ಅವರಿಗೆ ಎಲ್ಲ ಹೇಳಿದ್ದಳು. ನಾನು ತಪ್ಪಾಯಿತು ಅಂದೆ. ಅವರು ಹ್ಞೂಂ ಅಂದರು, ಗುಡಿಸಲು ಶುರು ಮಾಡಿದರು. ಬಾಗಿಲವರೆಗೆ ಗುಡಿಸಿ ಅಲ್ಲೇ ನಿಂತು ಕೇಳಿದರು:

"ಆ ಬಳ್ಳಿ ಬ್ಯಾರೆ ಎಲ್ಲೆಲ್ಲಿ ಐತೆ ಅಂತ ನಿಮ್ಮ ಪುಸ್ತಕದಾಗೆ ಬರ್ದಿರ್ತೈತಲ್ಲ? ಹಸೀದು. ಮಗಳು ಆ ಗಾಳಿ ಡಬ್ಬಿ ಎಳೀತಾಳೆ, ಆದ್ರೂ ಇರ್ಲಿ ಅಂತ."

ಬರೆದಿತ್ತು. ಇನ್ನೂರ ಎಂಟನೇ ಹಾಳೆ. ನನಗೆ ಬಾಯಿಪಾಠವಾಗಿತ್ತು. ಆದರೆ ಹೇಳಿದರೆ ಏನಾಗುತ್ತದೆ? ನಾನು ಹೇಳಿದ ಜಾಗಕ್ಕೆ ಇವರು ಹೋಗುತ್ತಾರೆ, ನಾನು ಹೇಳಿದ ಬಳ್ಳಿಯೆಂದು ಮತ್ತಾವುದೋ ಬಳ್ಳಿ ಕೀಳುತ್ತಾರೆ, ಮೊದಲ ಎಲೆಯನ್ನು ಮತ್ತೆ ತಾವೇ ತಿನ್ನುತ್ತಾರೆ. ಗೊತ್ತಿಲ್ಲ ಅಂದುಬಿಡಬಹುದಿತ್ತು. ಗೊತ್ತಿಲ್ಲವೆಂದರೆ ಅವರು ಸುಮ್ಮನಿರುವವರಲ್ಲ ಎಂದು ಎಲೆಗಳನ್ನು ಎಣಿಸಿದ ದಿನವೇ ಕಲಿತಿದ್ದೆ.

ಬೀರು ತೆರೆದು ಹಾಳೆ ತೆಗೆದೆ, ಚೀಟಿಯನ್ನು ಗಟ್ಟಿಯಾಗಿ ಓದಿದೆ. ಜಟಿಂಗ ರಾಮೇಶ್ವರ ಬೆಟ್ಟ, ಪಶ್ಚಿಮದ ಬುಡ, ಬಂಡೆಯ ನೆರಳು. ಇದು ಇಪ್ಪತ್ತೆಂಟು ವರ್ಷದ ಹಿಂದಿನ ಮಾತು, ಈಗ ಇರಲಿಕ್ಕಿಲ್ಲ ಅಂದೆ. ಸಿಕ್ಕರೆ ಒಂದು ಬಳ್ಳಿಯನ್ನು ಕಿತ್ತು ಮೊದಲು ಮೇಷ್ಟ್ರಿಗೆ ತೋರಿಸಬೇಕು, ಡಾಕ್ಟರನ್ನು ಕೇಳದೆ ಯಾರೂ ತಿನ್ನಬಾರದು, ನೀವೂ ತಿನ್ನಬಾರದು ಅಂದೆ.

"ಆತು ಬಿಡ್ರಿ."

"ನಾನೇನು ಹೇಳ್ದೆ, ಒಂದ್ಸಲ ಹೇಳಿ ಅಕ್ಕ."

"ಅಯ್ಯ, ಶಾಲೆ ಹುಡುಗರಿಗೆ ಕೇಳ್ದಂಗೆ ಕೇಳ್ತೀರಲ್ರೀ!"

"ಹೇಳಿ."

ಅವರು ಪೊರಕೆಯನ್ನು ಎದೆಗಾನಿಸಿಕೊಂಡು ಹೇಳಿದರು. "ಜಟಿಂಗ್ರಾಮನ ಬೆಟ್ಟ, ಪಡುವಲ ಕಡೆ, ಬಂಡೆ ನೆಳ್ಳು. ಇದ್ರೆ ಐತೆ, ಇಲ್ದಿದ್ರೆ ಇಲ್ಲ. ಮೇಷ್ಟ್ರಿಗೆ ತೋರ್ಸೋದು. ಡಾಕ್ಟ್ರು ಹೇಳೋವರ್ಗೂ ಯಾರೂ ತಿನ್ನಂಗಿಲ್ಲ."

"ನೀವೂ?"

"ನಾನೂ," ಅಂದರು ನಿಧಾನವಾಗಿ. ಅದೊಂದು ಮಾತನ್ನು ಒಪ್ಪಿಕೊಳ್ಳಲು ಅವರಿಗೆ ಕಷ್ಟವಾಯಿತು.

ಅವರು ಹೋದ ಮೇಲೆ ಕೈಗವಸು ಹಾಕಿಕೊಂಡು ಇನ್ನೂರ ಏಳನೇ ಹಾಳೆಯನ್ನು ಮತ್ತೊಮ್ಮೆ ಹೊರತೆಗೆದೆ. ಕಾಂಡದ ಮೇಲೆ ಹನ್ನೊಂದು, ಲಕೋಟೆಯಲ್ಲಿ ಎರಡು. ದಫ್ತರದಲ್ಲಿ ಹದಿನಾಲ್ಕನ್ನು ಹೊಡೆದು ಹದಿಮೂರು ಎಂದು ಬರೆದೆ. ಷರಾ ಅಂಕಣದಲ್ಲಿ, ಒಂದು ಎಲೆಯನ್ನು ಮನುಷ್ಯರೊಬ್ಬರು ತಿಂದಿದ್ದಾರೆ, ಬರೆದವಳ ತಪ್ಪಿನಿಂದ, ಎಂದು ಸೇರಿಸಿದೆ. ಬೀರುವಿಗೆ ಬೀಗ ಹಾಕಿದೆ. ಬಾಗಿಲವರೆಗೆ ಹೋಗಿ ಮರಳಿ ಬಂದು, ಬೀಗ ತೆಗೆದು, ಇನ್ನೊಮ್ಮೆ ಎಣಿಸಿದೆ.